ಆರೋಗ್ಯ ವಿಚಾರ: ಪಾರ್ಶ್ವವಾಯುವಿನ ತರುವಾಯ ಯೋಗಾಭ್ಯಾಸ

ಗೃಹಸ್ಥರ ಮನೆಗೆ ಹೇಳದೆ ಕೇಳದೆ ಬಂದೆರಗುವ ವಿಪತ್ತುಗಳಲ್ಲಿ ಪಾರ್ಶ್ವವಾಯುವು ಬಹು ದಾರುಣವಾದುದು. ನಿನ್ನೆಯ ರಾತ್ರಿ ಎಲ್ಲರೊಡನೆ ಕುಳಿತು ಉಂಡು, ನಾಳಿನ ಕೆಲಸಗಳನ್ನು ಗೊತ್ತುಮಾಡಿ ಮಲಗಿದ ಯಜಮಾನರು ಬೆಳಗಾಗುವುದರೊಳಗೆ ಹಾಸಿಗೆಯಿಂದ ತಾವೇ ಏಳಲಾರದವರಾಗುವರು. ಬಾಯಿ ಒಂದು ಕಡೆಗೆ ಓರೆಯಾಗುವುದು; ಒಂದು ಕೈ, ಒಂದು ಕಾಲು ಪರರದೆಂಬಂತೆ ಜಡವಾಗುವುದು; ಆಡಬೇಕೆಂದ ಮಾತು ನಾಲಗೆಗೆ ಬಾರದು. ಜನರು ಇದನ್ನು ಲಕ್ವವೆಂದೂ ಅರ್ಧಾಂಗವಾಯುವೆಂದೂ, ವೈದ್ಯಗ್ರಂಥಗಳು ಪಕ್ಷಾಘಾತವೆಂದೂ ಕರೆಯುವುವು. ಸ್ಟ್ರೋಕ್ ಎಂಬ ಮಾತೂ ಈಗ ಹಳ್ಳಿಗಳವರೆಗೆ ಬಳಕೆಗೆ ಬಂದಿರುವುದು. ೨೦೧೮ರಲ್ಲಿ ಪ್ರಕಟವಾದ ಒಂದು ಜಾಗತಿಕ ಗಣನೆಯ ಪ್ರಕಾರ, ೨೫ ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಈ ವ್ಯಾಧಿಯು ತಟ್ಟುವ ಸಂಭವವುಂಟು. ಆದುದರಿಂದ ಇದು ಯಾರದೋ ಮನೆಯ ಮಾತೆಂದು ನಾವಾರೂ ಉದಾಸೀನರಾಗಿರುವಂತಿಲ್ಲ.

ರೋಗಿಯು ಪ್ರಾಣಾಪಾಯದಿಂದ ಪಾರಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಮ್ಮ ಕುಟುಂಬಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತಪ್ಪುಗಳು ನಡೆಯುವುವು. ಕೆಲವರು, ಇನ್ನು ಇವರ ಆಯುಷ್ಯವೆಲ್ಲ ಹೀಗೆಯೇ ಎಂದು ನಿಶ್ಚಯಿಸಿ, ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಊಟ ಸ್ನಾನಗಳನ್ನೆಲ್ಲ ತಾವೇ ಮಾಡಿಸಿ, ಅವರು ಬೆರಳನ್ನೂ ಅಲುಗಿಸದಂತೆ ಪ್ರೀತಿಯಿಂದ ಕಾಪಾಡುವರು. ಮತ್ತೆ ಕೆಲವರು, ಇಂತಹ ಆಸನದಿಂದ ಲಕ್ವವು ತಿಂಗಳೊಳಗೆ ಓಡಿಹೋಗುವುದೆಂಬ ಮಾತನ್ನು ಯಾರಿಂದಲೋ ಕೇಳಿ, ಡಾಕ್ಟರು ಕೊಟ್ಟ ಮಾತ್ರೆಗಳನ್ನು ಕಪಾಟಿನಲ್ಲಿಟ್ಟು, ನಿಲ್ಲಲಾರದ ದೇಹವನ್ನು ಬಗ್ಗಿಸಿ ತಿರುಗಿಸಿ ಕಷ್ಟಪಡಿಸುವರು. ಮೊದಲನೆಯವರದು ನಿರಾಶೆ, ಎರಡನೆಯವರದು ದುರಾಶೆ. ಎರಡರಿಂದಲೂ ಹಾನಿಯೇ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವವರಿಗೆ ಯೋಗಾಭ್ಯಾಸವು ಎಷ್ಟರಮಟ್ಟಿಗೆ ಸಹಾಯಕ, ಎಲ್ಲಿ ಅಪಾಯಕರ, ಮನೆಯವರ ಕರ್ತವ್ಯವೇನು ಎಂಬುದನ್ನು ಈ ಸಲ ವಾಚಕರ ಮುಂದಿಡಲು ಇಚ್ಛಿಸುತ್ತೇವೆ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿಯಬೇಕು. ಮನುಷ್ಯನ ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಇದ್ದರೂ, ನಾವು ಉಸಿರಿನಿಂದ ಪಡೆಯುವ ಆಮ್ಲಜನಕದಲ್ಲಿ ಸುಮಾರು ನೂರಕ್ಕೆ ಇಪ್ಪತ್ತು ಪಾಲನ್ನು ಅದೊಂದೇ ಬಳಸುವುದು. ಇದನ್ನು ಮಿದುಳಿಗೆ ಮುಟ್ಟಿಸುವುದು ರಕ್ತ. ರಕ್ತನಾಳವೊಂದರಲ್ಲಿ ಗಡ್ಡೆ ಸಿಕ್ಕಿ ರಕ್ತದ ಹರಿವು ನಿಂತರೆ, ಅಥವಾ ನಾಳವು ಒಡೆದು ರಕ್ತವು ಮಿದುಳಿನೊಳಗೆ ಚೆಲ್ಲಿದರೆ, ಆ ಭಾಗದ ನರಕೋಶಗಳು ಆಹಾರವಿಲ್ಲದೆ ಸಾಯತೊಡಗುವುವು. ಬಹುಪಾಲು ರೋಗಿಗಳಲ್ಲಿ ಮೊದಲನೆಯದೇ ಕಾರಣ. ದೊಡ್ಡ ನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು ೧೯ ಲಕ್ಷ ನರಕೋಶಗಳು ನಾಶವಾಗುವುವೆಂದು ತಜ್ಞರು ಲೆಕ್ಕಹಾಕಿರುವರು. ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ, ಬಲಭಾಗವು ಎಡಭಾಗವನ್ನೂ ನಡೆಸುವುದಾದ್ದರಿಂದ, ಪೆಟ್ಟು ಒಂದು ಕಡೆ ಬಿದ್ದರೆ ಜಡತ್ವವು ಮತ್ತೊಂದು ಕಡೆ ತೋರುವುದು. ಮಾತಿನ ಶಕ್ತಿಯು ಹೆಚ್ಚಿನವರಲ್ಲಿ ಎಡ ಮಿದುಳಿನಲ್ಲಿ ನೆಲೆಸಿರುವುದರಿಂದ, ಬಲಗೈ ಬಲಗಾಲು ಬಿದ್ದವರಲ್ಲಿ ಅನೇಕರಿಗೆ ಮಾತೂ ಬೀಳುವುದು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ರೋಗವು ಬಂದೆರಗಿದ ಆ ಹೊತ್ತಿನಲ್ಲಿ ಯೋಗಕ್ಕೂ, ಎಣ್ಣೆ ನೀವುವುದಕ್ಕೂ, ಮನೆಮದ್ದಿಗೂ ಸರ್ವಥಾ ಸ್ಥಾನವಿಲ್ಲ. ಮುಖ ಓರೆಯಾಯಿತು, ಕೈ ಮೇಲೇಳದು, ಮಾತು ತೊದಲಿತು ಎಂದು ಕಂಡೊಡನೆ ಗಡಿಯಾರವನ್ನು ನೋಡಿ, ೧೦೮ಕ್ಕೆ ಕರೆಮಾಡಿ, ಮಿದುಳಿನ ಚಿತ್ರ ತೆಗೆಯುವ ಸೌಕರ್ಯವುಳ್ಳ ಆಸ್ಪತ್ರೆಗೆ ಸಾಗಿಸತಕ್ಕದ್ದು. ಗಡ್ಡೆಯನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗಾಗಿ ಕೊಡಬೇಕು. ಆರಿಸಿದ ಕೆಲವು ರೋಗಿಗಳಲ್ಲಿ ಗಡ್ಡೆಯನ್ನೇ ನಾಳದ ಮೂಲಕ ಹೊರಕ್ಕೆಳೆಯುವ ಚಿಕಿತ್ಸೆಯು ೨೪ ಗಂಟೆಗಳವರೆಗೂ ಸಾಧ್ಯವಾಗುವುದು. ಬಾಯಿಗೆ ನೀರನ್ನೂ ಹಾಕಕೂಡದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುವುದು. ನಮ್ಮ ಇಂದಿನ ಲೇಖನವು ಈ ಗಂಡಾಂತರವೆಲ್ಲ ಕಳೆದ ಮೇಲಿನ ದಿನಗಳನ್ನು ಕುರಿತದ್ದು.

ಸತ್ತ ನರಕೋಶಗಳು ಮರಳಿ ಹುಟ್ಟುವುದಿಲ್ಲವಾದರೆ ರೋಗಿಯು ಗುಣಹೊಂದುವುದು ಹೇಗೆ? ಮಿದುಳಿಗೆ ಹೊಸದಾಗಿ ಕಲಿಯುವ ಒಂದು ಶಕ್ತಿಯುಂಟು. ಸೇತುವೆ ಮುರಿದಾಗ ಬಂಡಿಗಳು ಸುತ್ತುದಾರಿ ಹಿಡಿದು ಸಾಗುವಂತೆ, ಉಳಿದ ನರಗಳು ತಮ್ಮೊಳಗೆ ಹೊಸ ಸಂಬಂಧಗಳನ್ನು ಕಟ್ಟಿಕೊಂಡು, ಕೆಟ್ಟುಹೋದ ಭಾಗದ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ವಹಿಸಿಕೊಳ್ಳುವುವು. ಆದರೆ ಜನರು ನಡೆಯದ ದಾರಿಯಲ್ಲಿ ಹುಲ್ಲು ಬೆಳೆಯುವಂತೆ, ಬಳಸದ ಅಂಗದ ದಾರಿಯು ಮಿದುಳಿನಲ್ಲಿ ಮುಚ್ಚಿಹೋಗುವುದು. ೨೦೦೬ರಲ್ಲಿ ಅಮೆರಿಕಾ ದೇಶದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ರೋಗ ಬಂದು ಮೂರರಿಂದ ಒಂಬತ್ತು ತಿಂಗಳಾಗಿದ್ದ ೨೨೨ ಮಂದಿಯನ್ನು ಆರಿಸಿ, ಅವರಲ್ಲಿ ಒಂದು ಪಂಗಡದವರ ಒಳ್ಳೆಯ ಕೈಗೆ ಕವಚ ತೊಡಿಸಿ, ಬಲಹೀನವಾದ ಕೈಯಿಂದಲೇ ಕೆಲಸ ಮಾಡುವಂತೆ ಎರಡು ವಾರ ಅಭ್ಯಾಸಮಾಡಿಸಿದರು. ಆ ಕೈಯಲ್ಲಿ ಕಂಡುಬಂದ ಸುಧಾರಣೆಯು ಇತರರಿಗಿಂತ ಹೆಚ್ಚಾಗಿತ್ತು. ಈ ಕ್ರಮವು ಕೈಯಲ್ಲಿ ಕೊಂಚ ಚಲನೆ ಉಳಿದವರಿಗೆ ಮಾತ್ರ, ಅದೂ ತಜ್ಞರ ಸಮ್ಮುಖದಲ್ಲಿ. ಅದರ ತತ್ತ್ವವನ್ನು ಮಾತ್ರ ಪ್ರತಿಯೊಂದು ಮನೆಯವರೂ ನೆನಪಿಡಬೇಕು: ರೋಗಿಯು ತಾನು ಮಾಡಿದ ಪ್ರಯತ್ನದಿಂದ ಮಿದುಳು ಕಲಿಯುವುದು, ಇತರರು ಮಾಡಿಕೊಟ್ಟ ಕೆಲಸದಿಂದ ಕಲಿಯುವುದು ಅತ್ಯಲ್ಪ. ಸುಧಾರಣೆಯ ಹೆಚ್ಚಿನ ಪಾಲು ಮೊದಲ ಮೂರರಿಂದ ಆರು ತಿಂಗಳುಗಳಲ್ಲಿ ಕಾಣುವುದು. ಆದರೂ ಆಮೇಲೆ ಬಾಗಿಲು ಮುಚ್ಚಿತೆಂದು ತಿಳಿಯಬಾರದು. ವರ್ಷಗಳು ಕಳೆದ ಮೇಲೂ ಅಭ್ಯಾಸದಿಂದ ಅಷ್ಟಿಷ್ಟು ಗುಣ ಕಂಡವರಿರುವರು.

ಈ ಕಲಿಕೆಗೆ ಮುಖ್ಯ ಗುರುಗಳು ಮೂವರು: ಅಂಗಸಾಧನೆ ಮಾಡಿಸುವ ಫಿಸಿಯೋಥೆರಪಿಸ್ಟರು, ಉಡುವುದು ಉಣ್ಣುವುದು ಮೊದಲಾದ ದಿನಬಳಕೆಯ ಕೆಲಸಗಳನ್ನು ಮರಳಿ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟರು, ಮಾತನ್ನೂ ನುಂಗುವುದನ್ನೂ ಸರಿಪಡಿಸುವ ವಾಕ್ ಚಿಕಿತ್ಸಕರು. ಯೋಗವು ಇವರ ಪೀಠದಲ್ಲಿ ಕುಳಿತುಕೊಳ್ಳತಕ್ಕದ್ದಲ್ಲ. ಇವರ ಪಕ್ಕದಲ್ಲಿ ನಿಂತು ಕೈಗೂಡಿಸತಕ್ಕದ್ದು.

ಹಾಗಾದರೆ ಯಾವ ಯೋಗ? ಯೋಗವೆಂದೊಡನೆ ನಮ್ಮ ಕಣ್ಣಮುಂದೆ ತಲೆ ಕೆಳಗಾಗಿ ನಿಂತ, ಮೈಯನ್ನು ಬಿಲ್ಲಿನಂತೆ ಬಗ್ಗಿಸಿದ ತರುಣರ ಚಿತ್ರವು ಬರುವುದು. ಈ ಚಿತ್ರಕ್ಕೂ ನಮ್ಮ ನಾಡಿಗೂ ನಿಕಟ ಸಂಬಂಧವುಂಟು. ಚಿತ್ರದುರ್ಗದ ಸೀಮೆಯಲ್ಲಿ ೧೮೮೮ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ೧೯೩೦ರ ದಶಕದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಬಾಲಕರಿಗೆ ಆಸನಗಳನ್ನು ಕಲಿಸಿದರು. 'ಯೋಗ ಮಕರಂದ'ವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದರು. ಆ ಶಾಲೆಯ ಹುಡುಗರ ಚುರುಕಾದ ಪ್ರದರ್ಶನಗಳು ದೇಶದಲ್ಲೆಲ್ಲ ಹೆಸರಾದುವು. ಆದರೆ ಅದೇ ಆಚಾರ್ಯರು ರೋಗಿಗಳಿಗೂ ವೃದ್ಧರಿಗೂ ಅವರವರ ವಯಸ್ಸು, ಬಲ, ವ್ಯಾಧಿಗಳನ್ನು ನೋಡಿ ಬೇರೆ ಬೇರೆಯಾಗಿಯೇ ಕಲಿಸುತ್ತಿದ್ದರೆಂಬುದನ್ನು ಮರೆಯಬಾರದು. ಅವರ ಶಿಷ್ಯರೂ ಮೈದುನರೂ ಆದ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರ್ಯರು ಪುಣೆಯಲ್ಲಿ ನೆಲೆಸಿ, ಕುರ್ಚಿ, ಹಗ್ಗ, ನಡುಪಟ್ಟಿ, ಮರದ ಇಟ್ಟಿಗೆ, ದಿಂಬು ಇವುಗಳ ಆಸರೆಯಿಂದ ಅಶಕ್ತರೂ ಆಸನಗಳನ್ನು ಮಾಡುವ ಕ್ರಮವನ್ನು ಬೆಳೆಸಿದರು. ಪಾರ್ಶ್ವವಾಯುವಿನ ರೋಗಿಗೆ ಬೇಕಾದುದು ಅರಮನೆಯ ಬಾಲಕರ ಯೋಗವಲ್ಲ, ಕುರ್ಚಿಯ ಯೋಗ. ಆಸನವೆಂದರೆ ಸ್ಥಿರವಾಗಿಯೂ ಸುಖವಾಗಿಯೂ ಇರತಕ್ಕದ್ದೆಂದು ಪತಂಜಲಿ ಮುನಿಗಳ ಅಭಿಪ್ರಾಯ. ಬೀಳದಂತೆ ನೆಟ್ಟಗೆ ಕುಳಿತಿರುವುದೇ ಮಹತ್ಸಾಧನೆಯಾಗಿರುವ ರೋಗಿಗೆ ಇದಕ್ಕಿಂತ ಒಪ್ಪುವ ಲಕ್ಷಣವು ಬೇರೊಂದಿಲ್ಲ.

ಈ ಅಭ್ಯಾಸದಿಂದ ನಿಜವಾಗಿ ಲಾಭವುಂಟೆಂಬುದಕ್ಕೆ ಆಧಾರವೇನೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಅಮೆರಿಕಾ ದೇಶದಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ರೋಗ ಬಂದು ಬಹುಕಾಲವಾಗಿದ್ದ ೪೭ ಮಂದಿ ಪಾಲುಗೊಂಡರು. ಯೋಗದ ಪಂಗಡದವರು ಎಂಟು ವಾರಗಳ ಕಾಲ ವಾರಕ್ಕೆ ಎರಡಾವರ್ತಿ ಅಭ್ಯಾಸಮಾಡಿದರು. ಮೊದಲು ಕುಳಿತು, ಬಳಿಕ ನಿಂತು, ಕೊನೆಗೆ ನೆಲದ ಮೇಲೆ, ಹೀಗೆ ಹಂತಹಂತವಾಗಿ ಮುಂದುವರಿದರು. ಅವರ ದೇಹದ ಸಮತೋಲನವು ಮೊದಲಿಗಿಂತ ಉತ್ತಮವಾಯಿತು. ಬಿದ್ದೇನೆಂಬ ಭಯವೂ ತಗ್ಗಿತು. ಆದರೆ ಯೋಗಮಾಡದೆ ಕಾದಿದ್ದ ಚಿಕ್ಕ ಪಂಗಡದೊಡನೆ ಹೋಲಿಸಿದಾಗ ಅಂತರವು ಖಚಿತವಾಗಿ ಸಿದ್ಧವಾಗಲಿಲ್ಲ. ಆಸ್ಟ್ರೇಲಿಯಾದಲ್ಲಿ ನಡೆದು ೨೦೧೪ರಲ್ಲಿ ಪ್ರಕಟವಾದ ಹತ್ತು ವಾರಗಳ ಮತ್ತೊಂದು ಚಿಕ್ಕ ಪರೀಕ್ಷೆಯುಂಟು. ಈ ಎರಡನ್ನೂ ಕೂಡಿಸಿ ೭೨ ಮಂದಿಯ ಫಲಿತಾಂಶಗಳನ್ನು ತೂಗಿದ ಕೊಕ್ರೇನ್ ಸಂಸ್ಥೆಯ ವಿಮರ್ಶೆಯು ೨೦೧೭ರಲ್ಲಿ ಹೊರಬಂದಿತು. ರೋಗಿಯ ಇಷ್ಟಾನಿಷ್ಟಗಳನ್ನು ನೋಡಿ ನಡೆಸುವ ಪುನಶ್ಚೇತನದಲ್ಲಿ ಯೋಗಕ್ಕೆ ಸ್ಥಾನವಿರಬಹುದು, ಆದರೆ ಅದರ ಗುಣವನ್ನಾಗಲಿ ನಿರಪಾಯತೆಯನ್ನಾಗಲಿ ಸ್ಥಾಪಿಸುವಷ್ಟು ಸಾಕ್ಷ್ಯವು ದೊರೆತಿಲ್ಲವೆಂಬುದೇ ಆ ವಿಮರ್ಶಕರ ತೀರ್ಮಾನ.

ಇಷ್ಟು ಎಚ್ಚರಿಕೆಯ ಮಾತನ್ನು ಓದಿ ಯೋಗಾಭಿಮಾನಿಗಳು ಮುನಿಯಬೇಕಾದುದಿಲ್ಲ. ಅನುಮಾನಿಗಳು ಹಿಗ್ಗಬೇಕಾದುದೂ ಇಲ್ಲ. ಯೋಗದಿಂದ ಜಡವಾದ ಕೈ ಎದ್ದೇಳುವುದೆಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಸಮತೋಲನ, ಉಸಿರು, ನಿದ್ರೆ, ಮನಸ್ಸಿನ ನೆಮ್ಮದಿ ಇವುಗಳಲ್ಲಿ ಅದು ನೆರವಾಗಬಹುದೆಂಬ ಆಶೆಗೆ ಕಾರಣವುಂಟು. ಈ ನಾಲ್ಕೂ ಅಲ್ಪ ವಿಷಯಗಳಲ್ಲ. ಸಮತೋಲನ ತಪ್ಪಿ ಬಿದ್ದು ತೊಡೆಯ ಮೂಳೆ ಮುರಿದರೆ, ಅಂದಿನವರೆಗೆ ಕೂಡಿಬಂದ ಗುಣವೆಲ್ಲ ಒಂದೇ ಕ್ಷಣದಲ್ಲಿ ಹೋಗುವುದು. ಮನಸ್ಸಿನ ವಿಚಾರವಾದರೂ ಹಾಗೆಯೇ. ಈ ವ್ಯಾಧಿಗೆ ಸಿಕ್ಕಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಒಂದಿಲ್ಲೊಂದು ಕಾಲದಲ್ಲಿ ಖಿನ್ನತೆಯು ಮುಸುಕುವುದು. ಅಂತಹವರು ಅಭ್ಯಾಸವನ್ನು ಬಿಡುವರು, ಊಟವನ್ನು ತಳ್ಳುವರು, ತಮ್ಮಿಂದ ಮನೆಯವರಿಗೆ ಭಾರವಾಯಿತೆಂದು ಒಳಗೊಳಗೇ ಕೊರಗುವರು. ಎಲ್ಲವನ್ನೂ ಪರರ ಕೈಯಿಂದ ಮಾಡಿಸಿಕೊಳ್ಳಬೇಕಾದ ದಿನದಲ್ಲಿ ಹದಿನೈದು ನಿಮಿಷವಾದರೂ 'ಇದನ್ನು ನಾನೇ ಮಾಡಿದೆನು' ಎಂದುಕೊಳ್ಳುವ ಅವಕಾಶವಿದ್ದರೆ, ಅದರ ಬೆಲೆಯನ್ನು ಅನುಭವಿಸಿದವರೇ ಬಲ್ಲರು. ಆದರೆ ಖಿನ್ನತೆಯು ಬಲವಾಗಿದ್ದರೆ ಪ್ರಾಣಾಯಾಮವೊಂದನ್ನೇ ನಂಬಿ ಕೂರದೆ, ವೈದ್ಯರಿಗೆ ತಿಳಿಸಿ ಅದಕ್ಕೆ ತಕ್ಕ ಚಿಕಿತ್ಸೆಯನ್ನು ಕೊಡಿಸಬೇಕು.

ಇನ್ನು ಅಭ್ಯಾಸದ ಕ್ರಮ. ಎಂದಿನಿಂದ ಆರಂಭಿಸಬೇಕೆಂಬುದನ್ನು ಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು. ಬೇಗನೆ ಎಬ್ಬಿಸಿದಷ್ಟೂ ಬೇಗ ಗುಣವೆಂಬ ಉತ್ಸಾಹವು ಸಲ್ಲದು. ಐದು ದೇಶಗಳ ೫೬ ಆಸ್ಪತ್ರೆಗಳಲ್ಲಿ ೨,೧೦೪ ಮಂದಿ ರೋಗಿಗಳ ಮೇಲೆ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ೨೪ ಗಂಟೆಗಳೊಳಗೇ ಎಬ್ಬಿಸಿ ಹೆಚ್ಚು ಹೆಚ್ಚಾಗಿ ನಡೆದಾಡಿಸಿದವರಿಗೆ, ಸಾಧಾರಣ ಕ್ರಮದಲ್ಲಿ ನೋಡಿಕೊಂಡವರಿಗಿಂತ ಕಡಿಮೆ ಒಳಿತಾಯಿತು. ತಾಳ್ಮೆಯೂ ಚಿಕಿತ್ಸೆಯ ಒಂದು ಭಾಗವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. ವೈದ್ಯರ ಅನುಮತಿ ದೊರೆತು, ರಕ್ತದ ಒತ್ತಡವು ಹತೋಟಿಯಲ್ಲಿದ್ದು, ರೋಗಿಯು ಆಸರೆಯಿಂದ ಕುಳಿತುಕೊಳ್ಳಬಲ್ಲವನಾದ ಮೇಲೆ, ಮುಂದೆ ಹೇಳುವ ಸರಳ ಅಭ್ಯಾಸಗಳನ್ನು ಮೊದಲ ಕೆಲವು ಸಲ ಫಿಸಿಯೋಥೆರಪಿಸ್ಟರ ಅಥವಾ ರೋಗಿಗಳಿಗೆ ಕಲಿಸಿ ಅನುಭವವುಳ್ಳ ಯೋಗಶಿಕ್ಷಕರ ಎದುರಿನಲ್ಲಿ ಮಾಡಿ, ಬಳಿಕ ಮನೆಯಲ್ಲಿ ಮುಂದುವರಿಸಬಹುದು.

ಕೈಗಳುಳ್ಳ, ಚಕ್ರಗಳಿಲ್ಲದ, ಗಟ್ಟಿಯಾದ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಬೇಕು. ರೋಗಿಯ ಎರಡು ಪಾದಗಳೂ ನೆಲಕ್ಕೆ ಪೂರ್ಣವಾಗಿ ತಾಗಿರಬೇಕು. ತಾಗದಿದ್ದರೆ ಪಾದದಡಿ ಮಣೆಯನ್ನಿಡಬೇಕು. ಸಹಾಯಕರು ಬಲಹೀನವಾದ ಪಕ್ಕದಲ್ಲಿಯೇ ನಿಲ್ಲತಕ್ಕದ್ದು. ಮೊದಲನೆಯದಾಗಿ, ಬೆನ್ನನ್ನು ಯಥಾಶಕ್ತಿ ನೆಟ್ಟಗಿಟ್ಟು, ಎರಡು ಪಿರ್ರೆಗಳ ಮೇಲೂ ಭಾರವು ಸಮವಾಗಿದೆಯೇ ಎಂದು ಗಮನಿಸುತ್ತ ಐದಾರು ಉಸಿರುಗಳ ಕಾಲ ಕುಳಿತಿರಬೇಕು. ಅನೇಕರು ಅರಿವಿಲ್ಲದೆಯೇ ಒಂದು ಕಡೆಗೆ ವಾಲಿರುವರು. ಎದುರಿಗೊಂದು ಕನ್ನಡಿಯಿದ್ದರೆ ತಾವೇ ಕಂಡು ತಿದ್ದಿಕೊಳ್ಳುವರು. ಎರಡನೆಯದಾಗಿ, ಮೂಗಿನಿಂದ ಮೆಲ್ಲಗೆ ಉಸಿರನ್ನು ತೆಗೆದುಕೊಂಡು, ತೆಗೆದುಕೊಂಡುದಕ್ಕಿಂತ ತುಸು ದೀರ್ಘವಾಗಿ ಬಿಡಬೇಕು. ನಡುವೆ ಉಸಿರನ್ನು ಹಿಡಿಯಕೂಡದು. ಮೂರನೆಯದಾಗಿ, ಉಸಿರು ಬಿಡುತ್ತ ದೇಹದ ಭಾರವನ್ನು ನಿಧಾನವಾಗಿ ಬಲಕ್ಕೆ ಒಯ್ದು, ನಡುವಿಗೆ ಬಂದು, ಎಡಕ್ಕೆ ಒಯ್ದು, ಮತ್ತೆ ನಡುವಿಗೆ ಬರಬೇಕು. ನಿಲ್ಲುವುದಕ್ಕೂ ನಡೆಯುವುದಕ್ಕೂ ಇದೇ ಓನಾಮ.

ನಾಲ್ಕನೆಯದಾಗಿ, ಮುಂದೆ ಮೇಜನ್ನಿಟ್ಟು ಅದರ ಮೇಲೆ ಒಂದು ಟವಲನ್ನು ಹಾಸಿ, ಬಲಹೀನವಾದ ಕೈಯನ್ನು ಅದರ ಮೇಲಿರಿಸಿ, ಒಳ್ಳೆಯ ಕೈಯನ್ನು ಅದರ ಮೇಲಿಟ್ಟು, ಎರಡನ್ನೂ ಕೂಡಿಯೇ ಮುಂದಕ್ಕೆ ಜಾರಿಸಿ ಹಿಂದಕ್ಕೆ ತರಬೇಕು. ನೋವು ಬರುವವರೆಗೆ ಚಾಚಬಾರದು. ಹೆಗಲಿನ ಮಟ್ಟಕ್ಕಿಂತ ಮೇಲಕ್ಕೂ ಎತ್ತಬಾರದು. ಐದನೆಯದಾಗಿ, ಪಾದಗಳ ಹಿಮ್ಮಡಿಯನ್ನೊಮ್ಮೆ, ಬೆರಳುಗಳನ್ನೊಮ್ಮೆ ನೆಲದಿಂದ ಎತ್ತಿ ಇಳಿಸಬೇಕು. ಬಲಹೀನವಾದ ಪಾದವು ಏಳದೆ ಹೋದರೂ, ಅದು ಏಳುತ್ತಿರುವುದೆಂದು ಕಣ್ಣಿಟ್ಟು ಮನಸ್ಸಿಟ್ಟು ಭಾವಿಸಬೇಕು. ಚಲನೆಯನ್ನು ಮನಸ್ಸಿನಲ್ಲಿ ಅಭ್ಯಾಸಮಾಡುವಾಗಲೂ ಮಿದುಳಿನಲ್ಲಿ ಚಲನೆಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತುಕೊಳ್ಳುವುವು. ನಿಲ್ಲಲು ಅನುಮತಿ ದೊರೆತವರು ಭದ್ರವಾದ ಮೇಜನ್ನೋ ಅಡಿಗೆಮನೆಯ ಕಟ್ಟೆಯನ್ನೋ ಹಿಡಿದು, ಹಿಂದೆ ಕುರ್ಚಿಯನ್ನಿಟ್ಟುಕೊಂಡು, ಪಕ್ಕದಲ್ಲಿ ಒಬ್ಬರಿರುವಾಗ ಮಾತ್ರ ತಾಡಾಸನದಲ್ಲಿ ಕೆಲವು ಉಸಿರುಗಳ ಕಾಲ ನಿಲ್ಲಬಹುದು. ಕೊನೆಗೆ ಬಲಹೀನವಾದ ತೋಳಿನಡಿಯಲ್ಲಿ ದಿಂಬನ್ನಿಟ್ಟುಕೊಂಡು ಮಲಗಿ, ಅಥವಾ ಕುಳಿತಲ್ಲಿಯೇ ಒರಗಿ, ಪಾದದಿಂದ ತಲೆಯವರೆಗೆ ಒಂದೊಂದು ಅಂಗವನ್ನೂ ನೆನೆಯುತ್ತ ಐದು ಹತ್ತು ನಿಮಿಷ ವಿಶ್ರಮಿಸಬೇಕು. ಕೆಲವರಿಗೆ, ಅದರಲ್ಲಿಯೂ ಬಲ ಮಿದುಳಿಗೆ ಪೆಟ್ಟು ಬಿದ್ದವರಿಗೆ, ತಮ್ಮ ಎಡಭಾಗವು ಇದೆಯೆಂಬುದೇ ಮರೆತುಹೋಗುವುದು; ಎಲೆಯ ಎಡಗಡೆ ಬಡಿಸಿದುದನ್ನು ಕಾಣದೆ ಬಿಡುವರು. ಅಂತಹವರಿಗೆ ಅಭ್ಯಾಸದ ಕಾಲದಲ್ಲಿ ಎಡಗೈ ಎಡಗಾಲುಗಳನ್ನು ಮುಟ್ಟಿ ನೆನಪುಮಾಡಿಕೊಡಬೇಕು.

ಇವೆಲ್ಲ ಕೂಡಿ ಹತ್ತು ಹದಿನೈದು ನಿಮಿಷಗಳಿಗೆ ಮೀರದಂತೆ, ದಿನಕ್ಕೆ ಒಂದೆರಡು ಬಾರಿ ಆದರೆ ಆರಂಭಕ್ಕೆ ಸಾಕು. ಈ ವ್ಯಾಧಿಯ ಬಳಿಕ ಆಯಾಸವು ವಿಪರೀತವಾಗಿರುವುದು. ಅದನ್ನು ಸೋಮಾರಿತನವೆಂದು ಜರೆಯಬಾರದು.

ಮಾತು ಬಿದ್ದುಹೋದವರ ವಿಷಯದಲ್ಲಿ ಒಂದು ಸಂಗತಿಯುಂಟು. ನೀರು ಬೇಕೆಂಬ ಒಂದು ಮಾತನ್ನೂ ಆಡಲಾರದ ಕೆಲವರು, ಬಾಲ್ಯದಿಂದ ಬಂದ ಹಾಡನ್ನು ರಾಗವಾಗಿ ಹಾಡಬಲ್ಲರು. ಹಾಡಿನಲ್ಲಿ ಬಲ ಮಿದುಳೂ ಪಾಲುಗೊಳ್ಳುವುದೇ ಇದಕ್ಕೆ ಕಾರಣವೆಂದು ತಜ್ಞರು ಊಹಿಸಿರುವರು. ರಾಗದ ಮೂಲಕ ಮಾತನ್ನು ಮರಳಿ ಕಲಿಸುವ ಪದ್ಧತಿಯೊಂದು ೧೯೭೦ರ ದಶಕದಿಂದಲೂ ಬಳಕೆಯಲ್ಲಿರುವುದು. ಆದುದರಿಂದ ಅಭ್ಯಾಸದ ಕೊನೆಯಲ್ಲಿ ಉಸಿರು ಬಿಡುತ್ತ ಓಂಕಾರವನ್ನೋ, ಮನೆಯವರೆಲ್ಲ ಬಲ್ಲ ದೇವರನಾಮವನ್ನೋ, ರೋಗಿಗೆ ಪ್ರಿಯವಾದ ಬೇರಾವುದೇ ಹಾಡನ್ನೋ ಕೂಡಿ ಹೇಳಿದರೆ ಒಳ್ಳೆಯದು. ಬಾರದ ಮಾತಿಗಾಗಿ ಕಾಡಿಸಬಾರದು. ಬಂದ ದನಿಗೆ ಸಂತೋಷಪಡಬೇಕು.

ಮಾಡಕೂಡದ ವಿಷಯಗಳನ್ನು ಇನ್ನೂ ಸ್ಪಷ್ಟವಾಗಿ ಹೇಳಬೇಕು. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಮೊದಲಾಗಿ ತಲೆಯು ಹೃದಯಕ್ಕಿಂತ ಕೆಳಗಾಗುವ ಯಾವ ಆಸನವನ್ನೂ ಮಾಡಿಸಕೂಡದು. ಕತ್ತನ್ನು ಹಿಂದಕ್ಕೆ ಬಗ್ಗಿಸುವುದು, ವೇಗವಾಗಿ ತಿರುಗಿಸುವುದು ಕೂಡದು. ಕತ್ತಿನ ಮೂಲಕವೇ ಮಿದುಳಿಗೆ ಹೋಗುವ ರಕ್ತನಾಳಗಳಿಗೆ ಅದರಿಂದ ಪೆಟ್ಟಾಗಬಹುದು. ಕುಂಭಕ, ಭಸ್ತ್ರಿಕೆ, ಕಪಾಲಭಾತಿಗಳನ್ನು ಬಿಡಬೇಕು. ಉಸಿರು ಕಟ್ಟಿ ತಿಣುಕಿದರೆ ರಕ್ತದ ಒತ್ತಡವು ಥಟ್ಟನೆ ಏರುವುದು. ನುಂಗಲು ಕಷ್ಟಪಡುವವರಿಗೆ ನೀರು ಕುಡಿದು ಕಕ್ಕುವ ಕ್ರಿಯೆಗಳು ಪ್ರಾಣಾಂತಿಕವಾಗಬಹುದು. ರೋಗಿಯನ್ನು ಎಬ್ಬಿಸುವಾಗ ಬಲಹೀನವಾದ ಕೈಯನ್ನು ಹಿಡಿದು ಎಳೆಯಕೂಡದು. ಸ್ನಾಯುಗಳ ಹಿಡಿತ ತಪ್ಪಿದ ಹೆಗಲಿನ ಕೀಲು ಅದರಿಂದ ಜಾರುವುದು, ಆ ನೋವು ತಿಂಗಳುಗಟ್ಟಲೆ ನಿಲ್ಲುವುದು. ನಡುವಿಗೆ ಪಟ್ಟಿ ಕಟ್ಟಿ ಅದನ್ನು ಹಿಡಿದು ಎಬ್ಬಿಸುವುದೇ ಲೇಸು. ಅಭ್ಯಾಸದ ನಡುವೆ ಎದೆನೋವು, ತಲೆಸುತ್ತು, ಉಬ್ಬಸ ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ತೀವ್ರವಾದ ತಲೆನೋವಾಗಲಿ ಹೊಸದಾದ ಜಡತ್ವವಾಗಲಿ ಕಂಡರೆ ಮೊದಲ ದಿನದಂತೆಯೇ ಆಸ್ಪತ್ರೆಗೆ ಧಾವಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತದ ಒತ್ತಡಕ್ಕೂ, ಸಕ್ಕರೆ ರೋಗಕ್ಕೂ, ರಕ್ತವು ಹೆಪ್ಪುಗಟ್ಟದಂತೆಯೂ ವೈದ್ಯರು ಕೊಟ್ಟ ಔಷಧಗಳನ್ನು, ಯೋಗವು ಎಷ್ಟೇ ಹಿತವೆನಿಸಿದರೂ, ಅವರ ಅಪ್ಪಣೆಯಿಲ್ಲದೆ ಒಂದು ದಿನವೂ ಬಿಡಕೂಡದು. ಒಮ್ಮೆ ಬಂದವರಿಗೆ ಈ ವ್ಯಾಧಿಯು ಎರಡನೆಯ ಸಲ ಬರುವ ಸಂಭವವು ಹೆಚ್ಚು. ಹೊಗೆಸೊಪ್ಪನ್ನಂತೂ ಮನೆಯಿಂದಲೇ ಹೊರಗಿಡಬೇಕು.

ಕಡೆಯದಾಗಿ ಮನೆಯವರ ಮಾತು. ಮನೆಯವರ ಪ್ರೀತಿಯೊಂದಿದ್ದರೆ ತಜ್ಞರು ಬೇಕಿಲ್ಲವೆಂದು ಭಾವಿಸುವವರುಂಟು. ನಮ್ಮ ದೇಶದ ೧೪ ಆಸ್ಪತ್ರೆಗಳಲ್ಲಿ ೧,೨೫೦ ರೋಗಿಗಳನ್ನೊಳಗೊಂಡ ಒಂದು ದೊಡ್ಡ ಪರೀಕ್ಷೆಯು ಇದನ್ನೇ ವಿಚಾರಿಸಿ ೨೦೧೭ರಲ್ಲಿ ಪ್ರಕಟವಾಯಿತು. ಮನೆಯವರೊಬ್ಬರಿಗೆ ತರಬೇತು ಕೊಟ್ಟು, ಮನೆಯಲ್ಲಿ ಅವರಿಂದಲೇ ಅಭ್ಯಾಸಗಳನ್ನು ಮಾಡಿಸಲಾಯಿತು. ಆರು ತಿಂಗಳ ಕೊನೆಗೆ ನೋಡಿದರೆ, ಸಾವಾಗಲಿ ಪರಾವಲಂಬನೆಯಾಗಲಿ ಉಳಿದವರಿಗಿಂತ ಕಡಿಮೆಯಾಗಿರಲಿಲ್ಲ. ಇದರಿಂದ ಮನೆಯವರ ಸೇವೆ ವ್ಯರ್ಥವೆಂದು ತಿಳಿಯಬೇಕಾದುದಿಲ್ಲ. ಕೌಶಲವು ಬೇಕಾದೆಡೆಗೆ ಪ್ರೀತಿಯೊಂದೇ ಸಾಲದು ಎಂದು ಮಾತ್ರ ತಿಳಿಯಬೇಕು. ಪ್ರೀತಿಯಿಂದಲೇ ಆಗತಕ್ಕ ಕೆಲಸಗಳು ಬೇರೆಯಿರುವುವು: ದಿನವೂ ಅದೇ ಹೊತ್ತಿಗೆ ಕುರ್ಚಿಯನ್ನು ಗೋಡೆಗೆ ಸರಿಸುವುದು, ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಕೈಯಿಕ್ಕದೆ ಕಾಯುವುದು, ಜಾರುವ ಚಾಪೆಗಳನ್ನು ತೆಗೆದು ಬಚ್ಚಲಿಗೆ ಹಿಡಿಗಂಬಿ ಹಾಕಿಸುವುದು, ಬಂದು ಹೋಗುವವರ ಮುಂದೆ ರೋಗಿಯ ಅವಸ್ಥೆಯನ್ನು ಅವರಿಗೆ ಕೇಳುವಂತೆ ವರ್ಣಿಸದಿರುವುದು.

ಹಾಗೆಯೇ, ಈ ಸೇವೆಯ ಭಾರವು ಹೆಚ್ಚಿನ ಮನೆಗಳಲ್ಲಿ ಒಬ್ಬ ಹೆಣ್ಣುಮಗಳ ಮೇಲೆಯೇ ಬೀಳುವುದು. ಹಗಲಿರುಳು ಎತ್ತಿ ಇಳಿಸಿ ಅವಳ ಸೊಂಟ ಬೀಳುವುದನ್ನೂ, ನಿದ್ರೆ ಕೆಡುವುದನ್ನೂ ಯಾರೂ ಗಣಿಸರು. ಮೇಲೆ ಹೇಳಿದ ಉಸಿರಿನ ಅಭ್ಯಾಸಕ್ಕೂ ವಿಶ್ರಾಂತಿಗೂ ಅವಳನ್ನು ರೋಗಿಯ ಪಕ್ಕದಲ್ಲಿಯೇ ಕೂರಿಸಿರಿ; ಆ ಹದಿನೈದು ನಿಮಿಷ ಮನೆಯ ಉಳಿದ ಕೆಲಸವನ್ನು ಬೇರೆಯವರು ನೋಡಿಕೊಳ್ಳಲಿ. ಇಬ್ಬರೂ ಕೂಡಿ ಮಾಡಿದ ಅಭ್ಯಾಸವು ನಡುವೆ ನಿಲ್ಲುವುದು ಅಪರೂಪ.

ಊರುಗೋಲು ಕಾಲಾಗಲಾರದು. ಆದರೆ ಕಾಲು ಬಲಗೊಳ್ಳುವವರೆಗೆ ಊರುಗೋಲನ್ನು ಬಿಸಾಡುವವನು ವಿವೇಕಿಯಲ್ಲ. ಊರುಗೋಲನ್ನೇ ಕಾಲೆಂದು ನಂಬಿ ವೈದ್ಯನನ್ನು ಬಿಡುವವನೂ ವಿವೇಕಿಯಲ್ಲ. ಯೋಗವನ್ನು ಈ ಭಾವನೆಯಿಂದ ಕೈಗೊಳ್ಳುವ ಮನೆಗಳಲ್ಲಿ ರೋಗಿಗೂ ಆತನ ಸೇವಕರಿಗೂ ಅದರಿಂದ ಹಿತವಾಗಲೆಂದು ನಾವು ಹಾರೈಸುತ್ತೇವೆ.